ಟಿವಿಯಲ್ಲಿ ಕಂಡ ಗೋಡೆ ಬಣ್ಣವನ್ನೇ ಮನೆಗೆ ಹೊಡೆಸುವುದು ಹೇಗೆ? 4 ಲೀಟರ್ ಆಗಲೇ ವ್ಯರ್ಥವಾಯ್ತು

ತುಮಕೂರು_ಹುಡುಗಿ:

ನಮಸ್ಕಾರ ಎಲ್ಲರಿಗೂ. ದಯವಿಟ್ಟು ಗೊತ್ತಿರುವವರು ಹೇಳಿ, ಮುಂದಿನ ತಿಂಗಳು ಪೇಂಟರ್ ಮತ್ತೆ ಬರುತ್ತಾರೆ, ಅಷ್ಟರೊಳಗೆ ಬಣ್ಣ ಗೊತ್ತು ಮಾಡಬೇಕು.

ನಮ್ಮದು ತುಮಕೂರಿನಲ್ಲಿ ಹಳೆಯ ಮನೆ. ಒಂಬತ್ತು ವರ್ಷ ಆದ ಮೇಲೆ ಈಗ ಬಣ್ಣ ಹೊಡೆಸುತ್ತಿದ್ದೇವೆ. ಅಮ್ಮ ದಿನಾ ಸಂಜೆ ನೋಡುವ ಒಂದು ಧಾರಾವಾಹಿಯಲ್ಲಿ ಹಾಲ್‌ನ ಒಂದು ಗೋಡೆ ಅವರಿಗೆ ತುಂಬಾ ಇಷ್ಟ. ಆ ಬಣ್ಣ ಹಸಿರು ಅನ್ನೋಕೂ ಆಗಲ್ಲ, ನೀಲಿ ಅನ್ನೋಕೂ ಆಗಲ್ಲ. ಸೀರೆ ಅಂಗಡಿಯಲ್ಲಿ ರಾಮಾ ಗ್ರೀನ್ ಅಂತಾರಲ್ವಾ, ಅದಕ್ಕೆ ಒಂದು ಹಿಡಿ ಬೂದಿ ಬೆರೆಸಿದ ಹಾಗೆ ಇದೆ. ಅಮ್ಮ ತಾವಾಗಿ ಯಾವತ್ತೂ ಏನನ್ನೂ ಕೇಳಿದವರಲ್ಲ. ಈ ಸಲ ಮಾತ್ರ "ಆ ಗೋಡೆ ಥರ ನಮ್ದೂ ಇದ್ರೆ ಚೆನ್ನಾಗಿರುತ್ತೆ ಅಲ್ವಾ" ಅಂದರು. ಅದಕ್ಕೇ ನನಗೆ ಅದೇ ಬಣ್ಣ ಬೇಕು.

ನಾನು ಮಾಡಿದ್ದು ಇಷ್ಟು. ಧಾರಾವಾಹಿ ಬರುವಾಗ ಫೋನಿನಲ್ಲಿ ಟಿವಿಯ ಫೋಟೋ ತೆಗೆದೆ. ಬಣ್ಣದ ನಂಬರ್ ತೋರಿಸುವ ಒಂದು ಆ್ಯಪ್ ಹಾಕಿಕೊಂಡು ಗೋಡೆಯ ಮೇಲೆ ಬೆರಳಿಟ್ಟೆ. ಬಂದ ನಂಬರನ್ನು ಅಂಗಡಿಯಲ್ಲಿ ತೋರಿಸಿದೆ. ಅವರು ಹತ್ತಿರದ ಶೇಡ್ ಹುಡುಕಿ ಮೆಷಿನ್‌ನಲ್ಲಿ ಕಲಸಿ 4 ಲೀಟರ್ ಕೊಟ್ಟರು. ಒಂದು ಕೋಟ್ ಹೊಡೆದು ಒಣಗಿದ ಮೇಲೆ ನೋಡಿದರೆ ಆಸ್ಪತ್ರೆಯ ಪರದೆ ಬಣ್ಣ! ಬೂದಿ ಅನ್ನೋದು ಎಲ್ಲೂ ಇಲ್ಲ, ಬರೀ ಹಸಿರು, ರಾತ್ರಿ ಲೈಟ್ ಹಾಕಿದರೆ ಇನ್ನೂ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ. ಕಲಸಿದ ಬಣ್ಣ ವಾಪಸ್ ತಗೊಳಲ್ಲ ಅಂದರು, ಅದು ನನಗೂ ಅರ್ಥವಾಗುತ್ತದೆ. ಅಮ್ಮ "ಇರಲಿ ಬಿಡು, ಚೆನ್ನಾಗೇ ಇದೆ" ಅಂತಾರೆ, ಆದರೆ ಕಾಫಿ ಲೋಟ ಹಿಡಿದು ಹೋಗಿ ಅಡುಗೆಮನೆಯಲ್ಲಿ ಕೂರುತ್ತಾರೆ.

ನನ್ನ ಪ್ರಶ್ನೆ ಎರಡೇ. ಫೋಟೋದಲ್ಲಿ ಸರಿಯಾಗೇ ಕಾಣುವ ಬಣ್ಣ ಗೋಡೆಗೆ ಬಂದಾಗ ಯಾಕೆ ಬೇರೆಯಾಯಿತು? ಮತ್ತೆ ಆ ಬಣ್ಣವನ್ನು ಸರಿಯಾಗಿ ಹಿಡಿಯಲು ದಾರಿ ಇದೆಯಾ?


ಲೈಟಿಂಗ್_ಅಸಿಸ್ಟೆಂಟ್:

ನಾನು ಹನ್ನೊಂದು ವರ್ಷದಿಂದ ಧಾರಾವಾಹಿ ಸೆಟ್‌ಗಳಲ್ಲಿ ಲೈಟಿಂಗ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಅಮ್ಮ ನೋಡುವ ಧಾರಾವಾಹಿ ಯಾವುದೋ ಗೊತ್ತಿಲ್ಲ, ಆದರೆ ಆ ಗೋಡೆ ನಿಮ್ಮ ಟಿವಿಗೆ ಬರುವಷ್ಟರಲ್ಲಿ ಏನೇನು ಆಗಿರುತ್ತದೆ ಅಂತ ಹೇಳುತ್ತೇನೆ, ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸೆಟ್‌ನ ಗೋಡೆ ಅಂದರೆ ಹೆಚ್ಚಾಗಿ ಪ್ಲೈವುಡ್. ಎಷ್ಟೋ ಸಲ ಕಲಾ ವಿಭಾಗದ ಪೇಂಟರ್‌ಗಳು ಬಿಳಿ ಡಿಸ್ಟೆಂಪರ್‌ಗೆ ಕೈಯಲ್ಲೇ ಸ್ಟೇನರ್ (ಬಣ್ಣ ಕೊಡುವ ಗಟ್ಟಿ ದ್ರವ) ಹಾಕಿ, ಕಲಾ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಕಲಸಿ ಹೊಡೆಯುತ್ತಾರೆ. ಹಾಗೆ ಕಲಸಿದ ಬಣ್ಣಕ್ಕೆ ಯಾವ ಕಂಪನಿಯ ಶೇಡ್ ನಂಬರೂ ಇರುವುದಿಲ್ಲ. ಚಾನೆಲ್‌ಗೆ ಬರೆದು ಕೇಳುತ್ತೇನೆ ಅಂತ ಹೊರಟರೂ ಉತ್ತರ ಸಿಗುವುದು ಕಷ್ಟ.

ಆಮೇಲೆ ಬೆಳಕು. ನಮ್ಮ ಲೈಟ್‌ಗಳಲ್ಲಿ ಹಗಲು ಬೆಳಕಿನವು 5600 ಕೆಲ್ವಿನ್, ಹಳದಿ ಬೆಳಕಿನವು 3200 ಕೆಲ್ವಿನ್ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ಬೆಳಕು ನೀಲಿ ಕಡೆಗೆ). ಕ್ಯಾಮೆರಾವನ್ನು ಯಾವ ಕೆಲ್ವಿನ್‌ಗೆ ಇಟ್ಟಿದ್ದಾರೆ ಅನ್ನುವುದರ ಮೇಲೆ ಅದೇ ಗೋಡೆ ನೀಲಿಯಾಗಿಯೂ ಕಾಣುತ್ತದೆ, ಹಳದಿ ಮಿಶ್ರವಾಗಿಯೂ ಕಾಣುತ್ತದೆ. ರಾತ್ರಿ ಸೀನ್ ಅಂದರೆ ಲೈಟ್ ಮುಂದೆ ನೀಲಿ ಜೆಲಾಟಿನ್ ಹಾಳೆ ಹಾಕುತ್ತೇವೆ. ಪಕ್ಕದಲ್ಲಿ ಥರ್ಮಾಕೋಲ್ ಹಿಡಿದು ಬೆಳಕನ್ನು ನಟಿಯ ಮುಖಕ್ಕೆ ತಿರುಗಿಸಿದರೆ ಹಿಂದಿನ ಗೋಡೆ ಒಂದು ಮೆಟ್ಟಿಲು ಕಪ್ಪಾಗುತ್ತದೆ. ಇದೆಲ್ಲ ಆದ ಮೇಲೆ ಡಿಐ, ಅಂದರೆ ಶೂಟಿಂಗ್ ಮುಗಿದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದುವ ಕೆಲಸ. ಅಲ್ಲಿ ಕಲರಿಸ್ಟ್ ಮೊದಲು ನೋಡುವುದು ಮುಖದ ಬಣ್ಣ ಸರಿ ಇದೆಯಾ ಅಂತ. ಮುಖಕ್ಕಾಗಿ ಏನು ತಿದ್ದಿದರೂ ಗೋಡೆಯೂ ಅದರ ಜೊತೆ ಬದಲಾಗುತ್ತದೆ, ಗೋಡೆಯ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಿಮ್ಮ ಮನೆಯ ಟಿವಿಯೂ ತನ್ನ ಕೈಚಳಕ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಮೋಡ್ ನೋಡಿ. ವಿವಿಡ್ ಅಥವಾ ಡೈನಾಮಿಕ್ ಅಂತ ಇದ್ದರೆ ಬಣ್ಣವೆಲ್ಲ ಗಾಢವಾಗಿ, ಬಿಳಿ ನೀಲಿಗೆ ಎಳೆದ ಹಾಗೆ ಇರುತ್ತದೆ. ನಿಮಗೆ ಬೇಕಾಗಿದ್ದ ಆ ಬೂದಿ ಅಂಶ ಮಾಯವಾಗಲು ನನಗನಿಸುವ ಮೊದಲ ಕಾರಣ ಇದೇ. ಬೂದಿ ಅಂದರೆ ಬಣ್ಣದ ಗಾಢತೆ ಕಡಿಮೆ ಇರುವುದು. ವಿವಿಡ್ ಮೋಡ್ ಮಾಡುವ ಕೆಲಸವೇ ಗಾಢತೆ ಏರಿಸುವುದು. ಅದರ ಮೇಲೆ ಫೋನ್ ಕ್ಯಾಮೆರಾ ತನ್ನದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ತಿದ್ದುವುದು) ಹಾಕಿ ಇನ್ನೂ ಸ್ವಲ್ಪ ಏರಿಸುತ್ತದೆ. ನಿಮಗೆ ಸಿಕ್ಕಿದ ನಂಬರ್ ಇಷ್ಟೆಲ್ಲ ಸೇರಿದ ಮೊತ್ತ. ಅದರಲ್ಲಿ ಪೇಂಟ್‌ನ ಪಾಲು ಎಷ್ಟು ಅಂತ ಆ್ಯಪ್‌ಗೆ ಗೊತ್ತಾಗುವುದಿಲ್ಲ.

2015ರ ಫೆಬ್ರವರಿಯಲ್ಲಿ ಒಂದು ಡ್ರೆಸ್ ಫೋಟೋ ಜಗತ್ತೆಲ್ಲ ಓಡಾಡಿತ್ತು, ನೆನಪಿದೆಯಾ? ಕೆಲವರಿಗೆ ಬಿಳಿ ಮತ್ತು ಚಿನ್ನದ ಬಣ್ಣ, ಕೆಲವರಿಗೆ ನೀಲಿ ಮತ್ತು ಕಪ್ಪು. ನಿಜವಾದ ಡ್ರೆಸ್ ನೀಲಿ-ಕಪ್ಪು. ಒಂದೇ ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ಬೇರೆ ಕಂಡಿತ್ತು. ಬೆಳಕು ಯಾವುದು ಅಂತ ನಮ್ಮ ಮೆದುಳು ತಾನೇ ಊಹೆ ಮಾಡಿ ಬಣ್ಣ ಹೇಳುತ್ತದೆ. ಫೋಟೋದಲ್ಲಿ ಬೆಳಕಿನ ಸುಳಿವು ಕಡಿಮೆಯಾದಷ್ಟೂ ಊಹೆ ತಪ್ಪುತ್ತದೆ.

ಈಗ ಮಾಡಬೇಕಾದ್ದು. ಟಿವಿಯ ಫೋಟೋ ತೆಗೆಯಬೇಡಿ. ಚಾನೆಲ್‌ನವರು ಯೂಟ್ಯೂಬ್‌ಗೆ ಪ್ರೊಮೊ ಹಾಕುತ್ತಾರೆ, ಅದರಿಂದ ಸ್ಕ್ರೀನ್‌ಶಾಟ್ ತೆಗೆಯಿರಿ. ಒಟಿಟಿ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ಹೆಚ್ಚಾಗಿ ಬರೀ ಕಪ್ಪಾಗಿ ಬರುತ್ತದೆ. ಒಂದೇ ಚಿತ್ರ ಸಾಲದು, ಐದಾರು ಬೇಕು, ಅದೂ ಹಗಲಿನ ಸೀನ್, ದೂರದಿಂದ ಇಡೀ ಕೋಣೆ ಕಾಣುವ ಶಾಟ್. ಪ್ರತಿ ಚಿತ್ರದಲ್ಲೂ ಬಿಳಿ ಅಂತ ನಿಮಗೆ ಖಾತ್ರಿ ಇರುವ ಏನನ್ನಾದರೂ ಹುಡುಕಿ, ಸ್ವಿಚ್ ಬೋರ್ಡ್, ಅಜ್ಜನ ಪಂಚೆ, ಕಿಟಕಿಯ ಚೌಕಟ್ಟು, ಏನಾದರೂ ಸರಿ. ಆ ಪಂಚೆ ಹಳದಿಯಾಗಿ ಕಂಡರೆ ಗೋಡೆಯೂ ಅಷ್ಟೇ ಹಳದಿಗೆ ಸರಿದಿದೆ ಅಂತ ಅರ್ಥ. ಸ್ನ್ಯಾಪ್‌ಸೀಡ್ ಅನ್ನುವ ಫೋಟೋ ತಿದ್ದುವ ಆ್ಯಪ್‌ನಲ್ಲಿ ವೈಟ್ ಬ್ಯಾಲೆನ್ಸ್‌ಗೆ ಹೋಗಿ, ಡ್ರಾಪರ್ ತಗೊಂಡು ಆ ಬಿಳಿಯ ಮೇಲೆ ಇಟ್ಟರೆ ಇಡೀ ಚಿತ್ರ ಸರಿ ಹೋಗುತ್ತದೆ. ಪೂರ್ತಿ ಅಲ್ಲ, ಆದರೆ ತುಂಬಾ ಹತ್ತಿರ ಬರುತ್ತದೆ. ನೋಡುವ ಫೋನಿನಲ್ಲೂ ಐ ಕಂಫರ್ಟ್, ನೈಟ್ ಲೈಟ್ ಎಲ್ಲ ಆಫ್ ಮಾಡಿ, ಸ್ಕ್ರೀನ್ ಮೋಡ್ ನ್ಯಾಚುರಲ್‌ಗೆ ಇಡಿ.

ಐದಾರು ಚಿತ್ರವನ್ನೂ ಹೀಗೆ ಸರಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ಉಳಿದುಕೊಳ್ಳುವ ಗುಣ ಏನು ಅಂತ ಬರೆದುಕೊಳ್ಳಿ, ನೀಲಿ ಕಡೆಗಾ, ಹಸಿರು ಕಡೆಗಾ, ಬೂದಿ ಎಷ್ಟು, ತಿಳಿಯಾ ಗಾಢವಾ. ಅಂಗಡಿಗೆ ಹೋಗುವಾಗ ನಂಬರ್ ಬಿಟ್ಟು ಆ ಮಾತುಗಳನ್ನು ತಗೊಂಡು ಹೋಗಿ.


ಬಣ್ಣದಂಗಡಿ_ಹಾಸನ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅಂಗಡಿಯ ಈ ಕಡೆಯಿಂದ ಹೇಳುತ್ತೇನೆ. ದಿನಕ್ಕೆ ಒಬ್ಬರಾದರೂ ಫೋನ್ ತೋರಿಸಿ "ಇದೇ ಬಣ್ಣ ಕೊಡಿ" ಅಂತ ಕೇಳುತ್ತಾರೆ. ನಾವು "ಬರಲ್ಲ" ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಅಂತ ಎಷ್ಟೋ ಜನ ಸುಮ್ನೆ ಕಲಸಿ ಕೊಟ್ಟುಬಿಡುತ್ತಾರೆ. ಆಗ ನಷ್ಟ ಗಿರಾಕಿಗೇ.

ಮೇಡಂ, ಮೊದಲು ನಾಲ್ಕು ವಿಷಯ ಹೇಳಿ. ಹಾಲ್‌ನ ಕಿಟಕಿ ಯಾವ ದಿಕ್ಕಿಗಿದೆ? ಕಿಟಕಿ ಹೊರಗೆ ಮರ ಇದೆಯಾ? ನೆಲ ಯಾವ ಬಣ್ಣ? ರಾತ್ರಿ ಯಾವ ಲೈಟ್ ಹಾಕುತ್ತೀರಿ? ಇದು ಗೊತ್ತಿಲ್ಲದೆ ಶೇಡ್ ಹೇಳುವುದು, ಅಳತೆ ತಗೊಳ್ಳದೆ ಬ್ಲೌಸ್ ಹೊಲಿದ ಹಾಗೆ.

ನೀವು ಉತ್ತರ ಕೊಡುವವರೆಗೆ ಎಲ್ಲರಿಗೂ ಅನ್ವಯಿಸುವ ಕೆಲವು ಮಾತು ಹೇಳಿಬಿಡುತ್ತೇನೆ. ಏಷ್ಯನ್, ಬರ್ಜರ್, ನೆರೊಲ್ಯಾಕ್, ಡ್ಯೂಲಕ್ಸ್, ಒಬ್ಬೊಬ್ಬರದೂ ಬೇರೆ ಬೇರೆ ಫ್ಯಾನ್‌ಡೆಕ್ (ಶೇಡ್ ತೋರಿಸುವ ಪಟ್ಟಿಗಳ ಕಟ್ಟು), ಒಬ್ಬರ ಕೋಡ್ ಇನ್ನೊಬ್ಬರಲ್ಲಿ ನಡೆಯುವುದಿಲ್ಲ. ಆ್ಯಪ್ ಕೊಡುವ ನಂಬರ್ ಸ್ಕ್ರೀನ್ ಬೆಳಕಿನದು. ಸ್ಕ್ರೀನ್ ತಾನೇ ಬೆಳಕು ಚೆಲ್ಲುತ್ತದೆ, ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನು ತಿರುಗಿಸಿ ಕೊಡುತ್ತದೆ. ಅದಕ್ಕೇ ಫೋನಿನಲ್ಲಿ ಹೊಳೆಯುವ ಎಷ್ಟೋ ಬಣ್ಣ ಡಬ್ಬಿಯಲ್ಲಿ ಬರುವುದೇ ಇಲ್ಲ.

ಫ್ಯಾನ್‌ಡೆಕ್‌ನಲ್ಲಿ ಒಂದೇ ಶೇಡ್ ಆರಿಸಬೇಡಿ. ನಿಮಗೆ ಸರಿ ಅನಿಸಿದ್ದು ಒಂದು, ಅದಕ್ಕಿಂತ ಬೂದಿ ಜಾಸ್ತಿ ಇರುವುದು ಒಂದು, ಅದಕ್ಕಿಂತ ತಿಳಿ ಇರುವುದು ಒಂದು, ಹೀಗೆ ಮೂರು. ಪಟ್ಟಿಯನ್ನು ಅಂಗಡಿಯ ಟೇಬಲ್ ಮೇಲೆ ಮಲಗಿಸಿ ನೋಡಬೇಡಿ, ಗೋಡೆ ನಿಂತಿರುತ್ತದೆ, ಪಟ್ಟಿಯನ್ನೂ ನಿಲ್ಲಿಸಿ ಹಿಡಿದು ನೋಡಿ. ಬಿಳಿ ಹಾಳೆಯಲ್ಲಿ ಒಂದು ಚೌಕ ಕತ್ತರಿಸಿ, ಆ ಕಿಂಡಿಯಿಂದ ಒಂದೇ ಶೇಡ್ ಕಾಣುವ ಹಾಗೆ ಮಾಡಿ. ಪಕ್ಕದ ಶೇಡ್ ಕಾಣುತ್ತಿದ್ದರೆ ಕಣ್ಣು ಮೋಸ ಹೋಗುತ್ತದೆ. ಇನ್ನೊಂದು, ಎರಡು ಇಂಚಿನ ಚೂರಿನಲ್ಲಿ ಬೂದಿಯಾಗಿ ಕಂಡ ಬಣ್ಣ ಇಡೀ ಗೋಡೆಗೆ ಬಂದಾಗ ಗಾಢವಾಗಿ ಕಾಣುತ್ತದೆ. ನಾಲ್ಕೂ ಗೋಡೆಗೆ ಹೊಡೆದರೆ ಒಂದರ ಬೆಳಕು ಇನ್ನೊಂದಕ್ಕೆ ಬಡಿದು ಇನ್ನೂ ಜಾಸ್ತಿ. ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಿರುವುದು ಇದೇ, ಮನಸ್ಸಿಗೆ ಬಂದ ಬಣ್ಣಕ್ಕಿಂತ ಒಂದು ಮೆಟ್ಟಿಲು ಬೂದಿ ಕಡೆಗೆ ಹೋಗಿ. ಹಾಗೆ ಹೋದವರು ಯಾರೂ ನನ್ನ ಹತ್ತಿರ ಬಂದು ಬೇಸರ ಮಾಡಿಕೊಂಡಿಲ್ಲ.

ಕೊಳ್ಳುವ ಮೊದಲು ಸ್ಯಾಂಪಲ್ ಹೊಡೆಯಲೇಬೇಕು. ನೇರ ಗೋಡೆಗೆ ಬೇಡ, ಈಗ ಅಲ್ಲಿ ಹಸಿರಿದೆ, ಅದರ ಪಕ್ಕ ಏನು ಹೊಡೆದರೂ ಸರಿಯಾಗಿ ಕಾಣಲ್ಲ. ದಪ್ಪ ಡ್ರಾಯಿಂಗ್ ಶೀಟ್ ಅಥವಾ ಪ್ಲೈವುಡ್ ತುಂಡು, ಎರಡು ಅಡಿಗೆ ಎರಡು ಅಡಿ, ಮೊದಲು ಪ್ರೈಮರ್, ಆಮೇಲೆ ಎರಡು ಕೋಟ್. ಪೂರ್ತಿ ಒಣಗಲಿ. ಎಮಲ್ಷನ್ ಒದ್ದೆ ಇರುವಾಗ ಒಂದು ಥರ, ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢ. ಆಮೇಲೆ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ, ರಾತ್ರಿ ಲೈಟ್ ಹಾಕಿ, ನಾಲ್ಕು ಹೊತ್ತೂ ನೋಡಿ. ಫಿನಿಶ್ ಮರೆಯಬೇಡಿ. ಧಾರಾವಾಹಿ ಗೋಡೆ ಹೊಳಪಿಲ್ಲದೆ ಮ್ಯಾಟ್ ಆಗಿಯೇ ಇರುತ್ತದೆ, ಇಲ್ಲದಿದ್ದರೆ ಲೈಟ್ ಹೊಡೆದು ಕ್ಯಾಮೆರಾಗೆ ಕಾಣುತ್ತದೆ. ಅದೇ ಶೇಡ್ ಶೀನ್, ಅಂದರೆ ಹೊಳಪು, ಇರುವ ಪೇಂಟ್‌ನಲ್ಲಿ ತಗೊಂಡರೆ ನೋಟವೇ ಬೇರೆ.

ಇನ್ನು ಆ 4 ಲೀಟರ್. ಎಷ್ಟು ಉಳಿದಿದೆಯೋ ಅಷ್ಟನ್ನು ಮುಚ್ಚಳ ಭದ್ರವಾಗಿ ಮುಚ್ಚಿಡಿ, ಎಸೆಯಬೇಡಿ. ಮೆಷಿನ್‌ನಲ್ಲಿ ಕಲರೆಂಟ್ ಸೇರಿಸಿ ಇನ್ನೂ ಗಾಢ ಮಾಡಬಹುದು, ಸ್ವಲ್ಪ ಕಪ್ಪು, ಸ್ವಲ್ಪ ರೆಡ್ ಆಕ್ಸೈಡ್ ಹಾಕಿದರೆ ಆ ಚೀರುವ ಹಸಿರು ತಣ್ಣಗಾಗುತ್ತದೆ. ವಾಪಸ್ ತಿಳಿ ಮಾಡುವುದು ಮಾತ್ರ ಕಷ್ಟ, ಅದಕ್ಕೆ ಬಿಳಿ ತುಂಬಾ ಬೇಕು. ಕೊಂಡ ಅಂಗಡಿಯಲ್ಲೇ ಸಮಾಧಾನವಾಗಿ ಕೇಳಿ, ಮಾಡಿಕೊಡುತ್ತಾರೆ.


ತುಮಕೂರು_ಹುಡುಗಿ:

ಇಬ್ಬರಿಗೂ ತುಂಬಾ ಧನ್ಯವಾದ. ಈಗ ಟಿವಿ ನೋಡಿದೆ, ಕೊಂಡಾಗಿನಿಂದ ವಿವಿಡ್‌ನಲ್ಲೇ ಇದೆ! ಸಿನಿಮಾ ಮೋಡ್‌ಗೆ ಹಾಕಿದ ತಕ್ಷಣ ಅಮ್ಮ "ಟಿವಿ ಯಾಕೆ ಮಂಕಾಯ್ತು" ಅಂದರು.

ಹಾಸನದ ಅಣ್ಣ ಕೇಳಿದ್ದಕ್ಕೆ: ಕಿಟಕಿ ಪಶ್ಚಿಮಕ್ಕಿದೆ. ಹೊರಗೆ ದೊಡ್ಡ ಹೊಂಗೆ ಮರ. ನೆಲ ಹಳೆಯ ಕಾಲದ ಕೆಂಪು ರೆಡ್ ಆಕ್ಸೈಡ್, ಅಮ್ಮ ಈಗಲೂ ಒರೆಸಿ ಒರೆಸಿ ಹೊಳೆಯುವ ಹಾಗೆ ಇಟ್ಟಿದ್ದಾರೆ. ರಾತ್ರಿ ಎರಡು ಎಲ್‌ಇಡಿ ಟ್ಯೂಬ್‌ಲೈಟ್, ಡಬ್ಬಿ ಮೇಲೆ 6500 ಕೆಲ್ವಿನ್ ಅಂತ ಇದೆ.


ಬಣ್ಣದಂಗಡಿ_ಹಾಸನ:

ಉತ್ತರ ಇಲ್ಲೇ ಇದೆ ನೋಡಿ. ಹೊಂಗೆ ಎಲೆಯ ಮೇಲಿಂದ ಬರುವ ಬೆಳಕು ಹಸಿರು ಹೊತ್ತು ತರುತ್ತದೆ, ಚಿಗುರು ಬಂದಾಗ ಇನ್ನೂ ಜಾಸ್ತಿ. ಕೆಂಪು ನೆಲದ ಪಕ್ಕ ಹಸಿರು ಇಟ್ಟರೆ ಹಸಿರು ಎರಡು ಪಟ್ಟು ಹಸಿರಾಗಿ ಕಾಣುತ್ತದೆ, ಕೆಂಪು ಹಸಿರು ಎದುರಾಳಿ ಬಣ್ಣ. ಮದುವೆ ಸೀರೆಯಲ್ಲಿ ಕೆಂಪು ಮೈಗೆ ಹಸಿರು ಅಂಚು ಎದ್ದು ಕಾಣುವುದೂ ಅದಕ್ಕೇ. ಧಾರಾವಾಹಿ ಮನೆಯಲ್ಲಿ ಬಹುಶಃ ತಿಳಿ ಟೈಲ್ಸ್ ಇರುತ್ತದೆ. ಮೂರನೆಯದು 6500 ಕೆಲ್ವಿನ್ ಟ್ಯೂಬ್, ಅದರ ಬೆಳಕು ನೀಲಿ ಕಡೆಗೆ, ಕೆಂಪು ಕಡಿಮೆ.

ಹಾಗಾಗಿ ನಿಮಗೆ ಆ ಧಾರಾವಾಹಿ ಗೋಡೆಯ ಪೇಂಟನ್ನೇ ತಂದುಕೊಟ್ಟರೂ ನಿಮ್ಮ ಹಾಲ್‌ನಲ್ಲಿ ಅದು ಹಸಿರಾಗಿಯೇ ಕಾಣುತ್ತಿತ್ತು. ನೀವು ಹುಡುಕಬೇಕಾದ್ದು ನಿಮ್ಮ ಹಾಲ್‌ನಲ್ಲಿ ಆ ಥರ ಕಾಣುವ ಬಣ್ಣ. ಅದು ಅಂಗಡಿಯಲ್ಲಿ ನೋಡಿದಾಗ ನಿಮಗೆ ಬರೀ ಬೂದಿ ನೀಲಿ ಅನಿಸಬಹುದು, ಹೆದರಬೇಡಿ. ಹಸಿರನ್ನು ನಿಮ್ಮ ಮರ ಮತ್ತು ನೆಲ ಕೊಡುತ್ತವೆ. ಲೈಟ್ ಬೇಕಾದರೆ 4000 ಕೆಲ್ವಿನ್‌ಗೆ ಬದಲಾಯಿಸಿ, ಡಬ್ಬಿ ಮೇಲೆ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಳತೆ) 90 ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನೇ ಕೇಳಿ. ಸಾಧಾರಣ ಎಲ್‌ಇಡಿ 80 ಇರುತ್ತದೆ. ಲೈಟ್ ಬದಲಾಯಿಸುವುದಾದರೆ ಸ್ಯಾಂಪಲ್ ನೋಡುವ ಮೊದಲೇ ಬದಲಾಯಿಸಿ, ಆಮೇಲೆ ಅಲ್ಲ.


ಧಾರವಾಡದ_ಅಕ್ಕ:

ತಂಗಿ, ನಿನ್ನ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಹೋದ ವರ್ಷ ಇದೇ ಕೆಲಸ ಮಾಡಿದ್ದೇನೆ, ಟಿವಿ ನೋಡಿ ಅಲ್ಲ, ತಂಗಿಯ ಮನೆಯ ಫೋಟೋ ನೋಡಿ. ನಾನು ಮಾಡಿದ ಉಪಾಯ ಹೇಳುತ್ತೇನೆ, ನಿನಗೆ ಆ್ಯಪ್‌ಗಿಂತ ಚೆನ್ನಾಗಿ ಕೈ ಹಿಡಿಯುತ್ತದೆ.

ಮ್ಯಾಚಿಂಗ್ ಸೆಂಟರ್‌ಗೆ ಹೋಗು. ಬ್ಲೌಸ್ ಪೀಸ್ ಮಾರುವ ಅಂಗಡಿ. ತುಮಕೂರಿನಲ್ಲಿ ಬೇಕಾದಷ್ಟಿವೆ. ಗೋಡೆಗೆ ಗೋಡೆಯಷ್ಟು ಬಣ್ಣ ಜೋಡಿಸಿಟ್ಟಿರುತ್ತಾರೆ, ರಾಮಾ ಗ್ರೀನ್ ಒಂದರಲ್ಲೇ ಎಂಟು ಹತ್ತು ಛಾಯೆ ತೆಗೆದು ಹಾಕುತ್ತಾರೆ. ಆ ಅಂಗಡಿಯವರ ಕಣ್ಣು ಯಾವ ಮೆಷಿನ್‌ಗೂ ಕಡಿಮೆ ಇಲ್ಲ, ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಸೀರೆ ಮನೆಯಲ್ಲಿ ಮರೆತು ಬಂದಿದ್ದೇನೆ, ಹೀಗಿತ್ತು ಬಣ್ಣ ಅಂತ ಬಾಯಲ್ಲಿ ಹೇಳಿದರೆ ಸರಿಯಾದ ಪೀಸ್ ತೆಗೆದುಕೊಟ್ಟವರನ್ನು ನಾನು ನೋಡಿದ್ದೇನೆ. ಸರಿ ಮಾಡಿದ ಆ ಸ್ಕ್ರೀನ್‌ಶಾಟ್ ತೋರಿಸಿ ನಾಲ್ಕೈದು ತುಂಡು ತಗೋ. ಸ್ಯಾಟಿನ್, ರೇಷ್ಮೆ ಬೇಡ, ಅವು ಹೊಳೆಯುತ್ತವೆ. ಸಾದಾ ಕಾಟನ್, ಟು ಬೈ ಟು ರುಬಿಯಾ ಅಂತ ಕೇಳು. ಖರ್ಚೂ ಜಾಸ್ತಿ ಇಲ್ಲ, ಆಮೇಲೆ ಅಮ್ಮನಿಗೆ ಬ್ಲೌಸ್ ಹೊಲಿಸಬಹುದು.

ಸೀರೆ ಬ್ಲೌಸ್ ಹೊಂದಿಸುವಾಗ ನಮ್ಮ ಅಮ್ಮಂದಿರು ಏನು ಮಾಡುತ್ತಿದ್ದರು? ಎರಡನ್ನೂ ಹಿಡಿದುಕೊಂಡು ಅಂಗಡಿ ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡುತ್ತಿದ್ದರು. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡದ್ದು ಬಿಸಿಲಿಗೆ ಬಂದರೆ ಒಂದು ನೀಲಿ ಒಂದು ಹಸಿರು. ಎರಡು ವಸ್ತುವಿಗೆ ಬೇರೆ ಬೇರೆ ಬಣ್ಣದ ಪುಡಿ ಹಾಕಿರುತ್ತಾರೆ, ಒಂದು ಬೆಳಕಿನಲ್ಲಿ ಹೊಂದುತ್ತವೆ, ಇನ್ನೊಂದರಲ್ಲಿ ಬಿಟ್ಟುಕೊಡುತ್ತವೆ. ಪೇಂಟ್‌ಗೂ ಅದೇ ನಿಯಮ. ಬಟ್ಟೆ ಮತ್ತು ಪೇಂಟ್ ಎರಡನ್ನೂ ಎರಡು ಬೆಳಕಿನಲ್ಲಿ ನೋಡದೆ ಹೂಂ ಅನ್ನಬೇಡ.

ತಂದ ತುಂಡುಗಳನ್ನು ಟಿವಿ ಪಕ್ಕ ಹಿಡಿದು ನೋಡಬೇಡ. ಬಿಳಿ ಬೆಡ್‌ಶೀಟ್ ಒಂದನ್ನು ಆ ಹಸಿರು ಗೋಡೆಗೆ ಅಡ್ಡ ಕಟ್ಟಿ, ಅದರ ಮೇಲೆ ತುಂಡುಗಳನ್ನು ಪಿನ್ ಮಾಡಿ ಎರಡು ದಿನ ಬಿಡು. ಅಮ್ಮನಿಗೆ ಏನೂ ಹೇಳಬೇಡ. ಓಡಾಡುವಾಗ ಅವರ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ ನೋಡು. ನನ್ನ ಅತ್ತೆ ಹೀಗೇ ಆರಿಸಿದ್ದು, ಕೇಳಿದ್ದರೆ "ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ" ಅಂತಿದ್ದರು. ಆರಿಸಿದ ತುಂಡನ್ನು ಸ್ಕ್ಯಾನ್ ಮಾಡುವ ಮೆಷಿನ್ ಇರುವ ಪೇಂಟ್ ಅಂಗಡಿಗೆ ತಗೊಂಡು ಹೋಗು. ಬಟ್ಟೆ ತೆಳ್ಳಗಿದ್ದರೆ ನಾಲ್ಕು ಮಡಿಕೆ ಮಾಡಿ ಇಡು, ಇಲ್ಲದಿದ್ದರೆ ಕೆಳಗಿನ ಟೇಬಲ್ ಬಣ್ಣವೂ ಸೇರಿಬಿಡುತ್ತದೆ.


ಅಡಿಕೆತೋಟ_ಸಾಗರ:

ಪ್ರಶ್ನೆ ಸ್ವಲ್ಪ ಬೇರೆ, ಆದರೆ ಫೋಟೋದಿಂದ ಗೋಡೆ ಬಣ್ಣ ಹುಡುಕುವವರು ಇದನ್ನೂ ಓದಲಿ ಅಂತ ಬರೆಯುತ್ತಿದ್ದೇನೆ.

ಸಾಗರದ ಹತ್ತಿರ ನಮ್ಮ ಅಜ್ಜನ ಮನೆ. ಪಡಸಾಲೆ ಗೋಡೆ ನಾನು ಹುಡುಗನಾಗಿದ್ದಾಗ ಯಾವ ಬಣ್ಣ ಇತ್ತೋ ಅದೇ ಬಣ್ಣ ಮತ್ತೆ ಹೊಡೆಸಬೇಕು ಅಂತ ಆಸೆ. ಸಿಕ್ಕಿದ್ದು ಎಂಬತ್ತರ ದಶಕದ ಒಂದು ಕಲರ್ ಫೋಟೋ, ಆಲ್ಬಮ್‌ನಲ್ಲಿ ಇಟ್ಟದ್ದು. ಅದರಲ್ಲಿ ಗೋಡೆ ತಿಳಿ ಗುಲಾಬಿ. ನಾನೂ ಗುಲಾಬಿಯೇ ಅಂತ ನಂಬಿದ್ದೆ, ಚಿಕ್ಕಪ್ಪನ ಜೊತೆ ವಾದವನ್ನೂ ಮಾಡಿದ್ದೆ.

ಆಮೇಲೆ ಗೊತ್ತಾಯಿತು, ಆ ಕಾಲದ ಕಲರ್ ಪ್ರಿಂಟ್‌ಗಳಲ್ಲಿ ಮೂರು ಬಣ್ಣದ ಪದರ ಇರುತ್ತದೆ. ಕತ್ತಲಲ್ಲಿ ಆಲ್ಬಮ್ ಒಳಗೆ ಇಟ್ಟರೂ ಸಯಾನ್, ಅಂದರೆ ಆ ಹಸಿರು ನೀಲಿ ಪದರ, ಎಷ್ಟೋ ಪ್ರಿಂಟ್‌ಗಳಲ್ಲಿ ಮೊದಲು ಮಾಸುತ್ತದೆ. ಉಳಿಯುವುದು ಕೆಂಪು ಛಾಯೆ. ಹಳೆಯ ಮದುವೆ ಆಲ್ಬಮ್ ತೆಗೆದು ನೋಡಿ, ಎಲ್ಲರ ಮುಖವೂ ಕೆಂಪಗೆ ಕಾಣುತ್ತದೆ ಅಲ್ವಾ, ಕಾರಣ ಅದೇ. ನನ್ನ ಫೋಟೋದಲ್ಲಿ ಅಜ್ಜನ ಬಿಳಿ ಅಂಗಿಯೂ ಗುಲಾಬಿಯೇ ಆಗಿತ್ತು. ಅದನ್ನು ನಾನು ಅಷ್ಟು ವರ್ಷ ಗಮನಿಸಿರಲೇ ಇಲ್ಲ.

ನಿಜವಾದ ಬಣ್ಣ ಸಿಕ್ಕಿದ್ದು ಗೋಡೆಯಲ್ಲೇ. ಹಳೆಯ ಮರದ ಸ್ವಿಚ್ ಬೋರ್ಡ್ ಬಿಚ್ಚಿದಾಗ ಅದರ ಹಿಂದೆ ಅಂಗೈ ಅಗಲ ಜಾಗ ಹಾಗೇ ಉಳಿದಿತ್ತು, ಬಿಸಿಲು ಹೊಗೆ ಯಾವುದೂ ತಾಗಿರಲಿಲ್ಲ. ತಿಳಿ ನೀಲಿ! ಅಡಿಕೆ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಇದೆಯಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಆ ಡ್ರಮ್ಮಿನಲ್ಲಿ ಕಾಣುವ ನೀಲಿಗೆ ತೀರಾ ಹತ್ತಿರ. ಚಿಕ್ಕಪ್ಪ "ಸುಣ್ಣಕ್ಕೆ ನೀಲಿ ಹಾಕಿ ನಾವೇ ಬಳಿಯುತ್ತಿದ್ದೆವು" ಅಂದರು. ಪೇಂಟ್ ಅಂಗಡಿಯಲ್ಲಿ ಆ ಚಕ್ಕೆ ಸ್ಕ್ಯಾನ್ ಮಾಡಿಸಿ ಎಮಲ್ಷನ್ ಸ್ಯಾಂಪಲ್ ಹೊಡೆದೆ. ಬಣ್ಣ ಹತ್ತಿರ ಬಂತು, ಆದರೆ ಸುಣ್ಣದ ಗೋಡೆಯಲ್ಲಿರುವ ಆ ಪುಡಿ ಪುಡಿ ಮೃದುತನ ಬರಲಿಲ್ಲ. ಕೊನೆಗೆ ಸುಣ್ಣವನ್ನೇ ಬಳಿಸಿದೆ. ಸುಣ್ಣ ಎಮಲ್ಷನ್ ಥರ ಅಲ್ಲ, ಒದ್ದೆ ಇರುವಾಗ ಗಾಢ, ಒಣಗಿದರೆ ತುಂಬಾ ತಿಳಿ. ಮೊದಲ ದಿನ ಎದೆ ಧಸಕ್ ಅಂದಿತ್ತು, ಮಾರನೇ ದಿನ ಸರಿಯಾಯಿತು.

ಹಾಗಾಗಿ ಹಳೆಯ ಫೋಟೋ ಹಿಡಿದು ಹೊರಟವರು ಮೊದಲು ಗೋಡೆಗೆ ತೂಗುಹಾಕಿದ ಚಿತ್ರಗಳ ಹಿಂದೆ, ಬೋರ್ಡ್ ಹಿಂದೆ, ಕಪಾಟಿನ ಸಂದಿಯಲ್ಲಿ ನೋಡಿ.


ತುಮಕೂರು_ಹುಡುಗಿ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಪ್ರೊಮೊಗಳಿಂದ ಏಳು ಸ್ಕ್ರೀನ್‌ಶಾಟ್ ತೆಗೆದೆ. ಅದೇ ಗೋಡೆ ಒಂದರಲ್ಲಿ ನೀಲಿ, ಒಂದರಲ್ಲಿ ಪಾಚಿ, ರಾತ್ರಿ ಸೀನ್‌ನಲ್ಲಂತೂ ನವಿಲು ಬಣ್ಣ. ಬಾಗಿಲ ಪಕ್ಕದ ಬಿಳಿ ಸ್ವಿಚ್ ಬೋರ್ಡ್ ನಾಲ್ಕರಲ್ಲಿ ಸಿಕ್ಕಿತು, ಅದನ್ನು ಹಿಡಿದು ವೈಟ್ ಬ್ಯಾಲೆನ್ಸ್ ಸರಿ ಮಾಡಿದ ಮೇಲೆ ನಾಲ್ಕೂ ಒಂದಕ್ಕೊಂದು ಹತ್ತಿರ ಬಂದವು. ನಾನು ಮೊದಲು ತಗೊಂಡಿದ್ದ ನಂಬರ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅಕ್ಕ ಹೇಳಿದ ಹಾಗೆ ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ಐದು ತುಂಡು ತಂದೆ. ಬೆಡ್‌ಶೀಟ್ ಕಟ್ಟಿ ಪಿನ್ ಮಾಡಿದ್ದಕ್ಕೆ ಅಮ್ಮ ಅರ್ಧ ದಿನ ಸುಮ್ಮನಿದ್ದರು, ಸಂಜೆ ಬಂದು ನಾಲ್ಕನೇ ತುಂಡು ಮುಟ್ಟಿ "ಇದು" ಅಂದರು. ನಾನು ಆರಿಸಿದ್ದರೆ ಅದನ್ನು ಕೈಗೂ ತಗೊಳ್ಳುತ್ತಿರಲಿಲ್ಲ, ಅಂಗಡಿಯಲ್ಲಿ ಬರೀ ಬೂದಿ ಥರ ಕಂಡಿತ್ತು. ಸ್ಕ್ಯಾನ್ ಮಾಡಿಸಿ ಮೂರು ಶೇಡ್‌ನ ಸಣ್ಣ ಡಬ್ಬಿ ತಂದು ಪ್ಲೈವುಡ್‌ಗೆ ಹೊಡೆದೆವು. ಲೈಟ್ ಮೊದಲೇ 4000ಕ್ಕೆ ಬದಲಾಯಿಸಿದ್ದೆ. ಕೊನೆಗೆ ಉಳಿದದ್ದು ಸ್ಕ್ಯಾನ್‌ನಲ್ಲಿ ಬಂದ ಶೇಡ್‌ಗಿಂತ ಒಂದು ಮೆಟ್ಟಿಲು ಬೂದಿ ಜಾಸ್ತಿ ಇರುವುದು. ಹಸಿರು ಗೋಡೆಗೆ ಮೊದಲು ಬಿಳಿ ಪ್ರೈಮರ್ ಒಂದು ಕೋಟ್, ಆಮೇಲೆ ಮ್ಯಾಟ್‌ನಲ್ಲಿ ಎರಡು ಕೋಟ್.

ಸಂಜೆ ಐದೂವರೆಗೆ ಹೊಂಗೆ ಮರದ ಸಂದಿಯಿಂದ ಬಿಸಿಲು ಬಿದ್ದಾಗ ಗೋಡೆ ಹೇಗೆ ಕಾಣುತ್ತದೆ ಅಂದರೆ, ಅಮ್ಮ ಧಾರಾವಾಹಿ ಹಾಕಿದರೂ ಟಿವಿಗಿಂತ ಜಾಸ್ತಿ ಅದನ್ನೇ ನೋಡುತ್ತಾರೆ. ನಿನ್ನೆ ಅವರೇ ಕೇಳಿದರು, "ಅವರ ಗೋಡೆ ಬೇರೆ ಬಣ್ಣ ಇದೆಯಲ್ಲ, ಯಾವಾಗ ಬದಲಾಯಿಸಿದರು?" ಅಂತ. ನಾಲ್ಕನೇ ತುಂಡನ್ನು ಬ್ಲೌಸ್ ಹೊಲಿಯಲು ಕೊಟ್ಟಿದ್ದೇನೆ. ಹಾಸನದ ಅಣ್ಣ, ಉಳಿದ ಹಸಿರು ಎರಡು ಲೀಟರ್ ಮೇಲಿದೆ. ಅದಕ್ಕೆ ಕಪ್ಪು, ರೆಡ್ ಆಕ್ಸೈಡ್ ಹಾಕಿಸಿ ಹಿತ್ತಲ ಕಡೆಯ ಸಾಮಾನು ಕೋಣೆಗೆ ಹೊಡೆಸೋಣ ಅಂತ ಇದ್ದೇನೆ. ಅಲ್ಲಿ ಗೋಡೆ ಸ್ವಲ್ಪ ತೇವ ಇದೆ, ಮಳೆಗಾಲ ಮುಗಿಯುವವರೆಗೆ ಕಾಯಬೇಕಾ?


ಬಣ್ಣದಂಗಡಿ_ಹಾಸನ:

ತುಂಬಾ ಖುಷಿಯಾಯಿತು ಮೇಡಂ. ಹೌದು, ಕಾಯಿರಿ. ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ ಸರಿ ಮಾಡಿಸಿ, ಗೋಡೆ ಪೂರ್ತಿ ಒಣಗಲಿ. ಅಲ್ಲಿಯವರೆಗೆ ಡಬ್ಬಿಯನ್ನು ಬಿಸಿಲು ಬೀಳದ ಕಡೆ ಇಡಿ, ಮುಚ್ಚಳದ ಅಂಚು ಒರೆಸಿ ಗಾಳಿಯಾಡದ ಹಾಗೆ ಮುಚ್ಚಿ. ಹೊಡೆಯುವ ದಿನ ತಳದಿಂದ ಚೆನ್ನಾಗಿ ಕಲಕಿ, ಕೆಟ್ಟ ವಾಸನೆ ಬಂದರೆ ಮಾತ್ರ ಬಳಸಬೇಡಿ.